ನಾಲ್ಕು ವರ್ಷದ ವಾಯಿದೆ, ಹತ್ತು ದಿನದ ಸಮನ್ಸು

ಶುಂಠಿಗೆ ಕೊಳೆರೋಗ ಬಂದರೆ ಏನು ಮಾಡಬೇಕು, ಕಾಡಾನೆ ಗದ್ದೆಗಿಳಿದರೆ ಯಾರಿಗೆ ಫೋನು ಮಾಡಬೇಕು ಅನ್ನೋದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮನೆಗೆ ಕೋರ್ಟಿನ ಸಮನ್ಸು ಬಂದರೆ ಏನು ಮಾಡಬೇಕು ಅನ್ನೋದು ದೊಡ್ಡವರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಾನು ಆಡಿದ ಒಂದು ಮಾತಿನಿಂದ ನನ್ನ ಹೆಂಡತಿಯ ತಮ್ಮನ ಎರಡು ವರ್ಷದ ಫಸಲು ಹೋಯಿತು. ಬೇರೆಯವರಿಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಆಲೂರು ತಾಲ್ಲೂಕಿನವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಕ್ಕಿಳಿದವನು. ಮೂರೂವರೆ ಎಕರೆ ಇದೆ, ಎಲ್ಲ ಮಳೆ ನಂಬಿದ ಜಮೀನು. ರಾಗಿ, ಮುಸುಕಿನ ಜೋಳ, ಒಂದು ವರ್ಷ ಆಲೂಗಡ್ಡೆ, ಇನ್ನೊಂದು ವರ್ಷ ಶುಂಠಿ. ಸಕಲೇಶಪುರದ ಆ ಕಡೆ ಸುರಿದು ಸಾಕು ಮಾಡಿ ಉಳಿದ ಮಳೆ ನಮ್ಮ ದಿಬ್ಬಗಳಿಗೆ ಬರುತ್ತದೆ. ಭಾವಮೈದನದು ಸಕಲೇಶಪುರದ ಕಡೆ ಎರಡು ಎಕರೆ ಕಾಫಿ, ಮರಕ್ಕೆ ಮೆಣಸು. ನಮ್ಮಿಬ್ಬರಿಗೂ ಕೋರ್ಟಿನ ಪರಿಚಯ ಆದದ್ದು ಬೇರೆ ಬೇರೆ ಬಾಗಿಲಿನಿಂದ.

ಶುಂಠಿ ಹೋಯಿತು, ಚೀಟಿ ಉಳಿಯಿತು

2016ರಲ್ಲಿ ಒಂದು ಎಕರೆ ಶುಂಠಿ ಹಾಕಿದ್ದೆ. ಬಾಡಿಗೆ ಮೋಟಾರು ತಂದು ಕೆರೆ ನೀರು ಎರಡು ಸಲ ಹಾಯಿಸಿದ್ದು ಬಿಟ್ಟರೆ ಉಳಿದದ್ದೆಲ್ಲ ಮಳೆಯೇ. ಬೆಳೆ ಚೆನ್ನಾಗಿಯೇ ಬಂತು. 2017ರ ಜನವರಿಯಲ್ಲಿ ಹೊರಗಿನ ವ್ಯಾಪಾರಿಯೊಬ್ಬರು ಹೊಲಕ್ಕೇ ಬಂದು ಕೊಂಡರು. 60 ಕೆಜಿಯ 190 ಮೂಟೆ, ಮೂಟೆಗೆ 1,500 ರೂ. ಒಟ್ಟು 2,85,000. ಕೈಯಲ್ಲಿ ಒಂದು ಲಕ್ಷ ಕೊಟ್ಟರು. ಉಳಿದ 1,85,000 ಯುಗಾದಿಯೊಳಗೆ ಅಂದರು.

ಹಾಸನದ ಎಪಿಎಂಸಿ ಯಾರ್ಡಿಗೆ ಆಲೂಗಡ್ಡೆ ಹಾಕಿದರೆ ತೂಕದ ಪಟ್ಟಿ ಅಂತ ಒಂದು ಸಿಗುತ್ತದೆ. ಹೊಲದ ಬದಿಯ ವ್ಯಾಪಾರಕ್ಕೆ ಏನಿದೆ? ನೋಟ್ ಬುಕ್ಕಿನಿಂದ ಹರಿದ ಒಂದು ಹಾಳೆ. ಅದರಲ್ಲಿ ಮೂಟೆ ಎಣಿಸಿದ ಗೆರೆಗಳು, ಕೆಳಗೆ 190 ಅಂತ ಒಂದು ಅಂಕಿ. ದರ ಇಲ್ಲ, ಹೆಸರಿಲ್ಲ, ಸಹಿ ಇಲ್ಲ. ಆಗ ಕೇಳೋಕೆ ನನಗೇ ನಾಚಿಕೆ. ಕೇಳಿದರೆ ನಂಬಿಕೆ ಇಲ್ಲ ಅಂದುಕೊಂಡಾರು ಅಂತ.

ಯುಗಾದಿ ಹೋಯಿತು, ಗೌರಿ ಹಬ್ಬ ಹೋಯಿತು. ಎರಡು ವರ್ಷ ಫೋನಿನಲ್ಲೇ ಕಳೆಯಿತು. ಬರಬೇಕಾದ ಹಣಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಮಾತ್ರ ಅವಕಾಶ ಅಂತ ಯಾರೋ ಹೇಳಿದ ಮೇಲೆ 2019ರಲ್ಲಿ ದಾವೆ ಹಾಕಿದೆ. ಆಮೇಲೆ ನೋಡಿ, ವಾಯಿದೆ ಮೇಲೆ ವಾಯಿದೆ. ಒಂದು ದಿನ ಎದುರು ವಕೀಲರಿಲ್ಲ. ಒಂದು ದಿನ ನಮ್ಮವರಿಲ್ಲ. 2020ರಲ್ಲಿ ಕೊರೊನಾ ಬಂದು ಬಾಗಿಲೇ ಮುಚ್ಚಿತು. ಕಳೆ ಕೀಳುವ ದಿನ ಬಿಟ್ಟು ಹೋಗಿ, ಮುಂದಿನ ತಾರೀಕು ಬರೆಸಿಕೊಂಡು ಸಂಜೆ ಬಸ್ಸಿಗೆ ವಾಪಸು ಬರೋದು. 2023ರಲ್ಲಿ ಲೋಕ ಅದಾಲತ್‌ನಲ್ಲಿ 1,20,000ಕ್ಕೆ ರಾಜಿಯಾಯಿತು. ಖರ್ಚು ಕಳೆದು ಎಷ್ಟು ಉಳಿಯಿತು ಅಂತ ಲೆಕ್ಕ ಹಾಕಲು ಹೋಗಲಿಲ್ಲ.

‘ಅವಸರ ಇಲ್ಲ’ ಅಂದವನು ನಾನೇ

ನನ್ನ ದಾವೆ ಹೀಗೆ ತೆವಳುತ್ತಿದ್ದಾಗ, 2021ರ ನವೆಂಬರಿನಲ್ಲಿ, ಭಾವಮೈದ ಒಂದು ಕವರು ಹಿಡಿದುಕೊಂಡು ಮನೆಗೆ ಬಂದ. ‘ಭಾವ, ಅಮೀನ ಬಂದು ಕೊಟ್ಟು ಹೋದ. ಸಹಿ ಹಾಕಿದೀನಿ. ಏನಿದು ನೋಡಿ’ ಅಂದ.

ಗೊಬ್ಬರ, ಔಷಧಿ ಸಾಲ ಕೊಡುತ್ತಿದ್ದ ಒಬ್ಬರು ಹಾಕಿದ ದಾವೆ. ಇವನು ತಂದ ಮಾಲು 70,000 ರೂಪಾಯಿಯದು. ಅದರಲ್ಲಿ 40,000 ತೀರಿಸಿದ್ದ, ರಸೀದಿ ತೆಗೆದುಕೊಂಡಿರಲಿಲ್ಲ. ಸಾಲ ತರುವಾಗ ರೆವಿನ್ಯೂ ಸ್ಟಾಂಪು ಅಂಟಿಸಿದ ಖಾಲಿ ಪ್ರೋನೋಟಿಗೆ ಸಹಿ ಹಾಕಿಕೊಟ್ಟಿದ್ದ. ‘ಸುಮ್ಮನೆ ಒಂದು ಭದ್ರತೆಗೆ’ ಅಂದಿದ್ದರಂತೆ. ಈಗ ಅದೇ ನೋಟಿನಲ್ಲಿ 1,90,000 ಅಂತ ತುಂಬಿತ್ತು.

ನಾನು ಕೋರ್ಟು ಕಂಡವನು ತಾನೆ? ಎರಡು ವರ್ಷದ ಅನುಭವಸ್ಥ. ‘ಅವಸರ ಏನಿಲ್ಲ ಕಣಯ್ಯ. ಕೋರ್ಟು ಅಂದರೆ ವರ್ಷಗಟ್ಟಲೆ. ನನ್ನದೇ ನೋಡು. ರಾಗಿ ಕೊಯ್ಲು ಮುಗೀಲಿ, ನೀನೂ ಕಾಫಿ ಹಣ್ಣು ಒಂದು ಸುತ್ತು ಬಿಡಿಸು. ಆಮೇಲೆ ನಮ್ಮ ವಕೀಲರ ಹತ್ತಿರ ಹೋಗೋಣ’ ಅಂದೆ. ಅವನಿಗೂ ಸಮಾಧಾನವಾಯಿತು. ಊಟ ಮಾಡಿ ಹೋದ.

ಸಂಕ್ರಾಂತಿ ಕಳೆದು ವಕೀಲರ ಹತ್ತಿರ ಹೋದೆವು. ಅವರು ಕಾಗದದ ಮೇಲ್ಭಾಗ ನೋಡಿ ತಲೆ ಎತ್ತಿದರು. ‘ಇದು 37ನೇ ಆರ್ಡರಿನ ದಾವೆ. ಹತ್ತು ದಿನದೊಳಗೆ ಹಾಜರಾಗಬೇಕಿತ್ತು. ಎಲ್ಲಿದ್ದಿರಿ?’ ಅಂದರು. ವಿಚಾರಿಸಿದರೆ ಡಿಕ್ರಿ ಆಗಿಹೋಗಿತ್ತು.

ಡಿಕ್ರಿ ರದ್ದು ಮಾಡಿ ಅಂತ ಅರ್ಜಿ ಹಾಕಿದೆವು. ‘ವಿಶೇಷ ಕಾರಣ’ ತೋರಿಸಬೇಕಿತ್ತು. ಅಮೀನನ ಕಾಗದದಲ್ಲಿ ಇವನ ಸಹಿ ಇತ್ತು. ಕಾಯಿಲೆ ಇರಲಿಲ್ಲ, ಊರು ಬಿಟ್ಟಿರಲಿಲ್ಲ. ‘ನಮ್ಮ ಭಾವ ಅವಸರ ಇಲ್ಲ ಅಂದರು’ ಅನ್ನೋದು ವಿಶೇಷ ಕಾರಣ ಆಗುತ್ತದೆಯೇ? ಅರ್ಜಿ ಬಿತ್ತು. ತೋಟ ಜಪ್ತಿಗೆ ಹೋಗದಿರಲಿ ಎಂದು ಎರಡು ವರ್ಷದ ಕಾಫಿ, ಮೆಣಸಿನ ಫಸಲನ್ನು ಗುತ್ತಿಗೆಗೆ ಕೊಟ್ಟು, ಬಡ್ಡಿ ಖರ್ಚು ಸೇರಿ 2,36,000 ಕಟ್ಟಿದ. ಇವತ್ತಿಗೂ ಅವನು ನನಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ಹಗುರ ಆಗುತ್ತಿತ್ತು.

ಏನಿದು 37?

ಆಮೇಲೆ ಇದನ್ನು ತಿಳಿದುಕೊಳ್ಳಲೇಬೇಕು ಅನ್ನಿಸಿತು. ನಮ್ಮ ಪಕ್ಕದ ಊರಿನಲ್ಲಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಜಗಲಿಯಲ್ಲಿ ಕೂತು ಕೇಳಿದ್ದನ್ನು, ನಮ್ಮ ವಕೀಲರಿಗೆ ತೋರಿಸಿ ಸರಿಮಾಡಿಸಿಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಸಿವಿಲ್ ದಾವೆ ನಡೆಯುವ ಕ್ರಮವೆಲ್ಲ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ಮಾಮೂಲಿ ದಾವೆಯಲ್ಲಿ ಪ್ರತಿವಾದಿ ತಕರಾರು ಹಾಕುತ್ತಾನೆ, ಕೋರ್ಟು ವಿವಾದದ ಅಂಶಗಳನ್ನು ಬರೆದುಕೊಳ್ಳುತ್ತದೆ, ಸಾಕ್ಷಿ, ಪಾಟೀಸವಾಲು, ವಾದ, ಆಮೇಲೆ ತೀರ್ಪು. ಅದು ಉದ್ದದ ದಾರಿ.

ಅದೇ ಸಂಹಿತೆಯ 37ನೇ ಆರ್ಡರಿನಲ್ಲಿ ಗಿಡ್ಡ ದಾರಿ ಒಂದಿದೆ. ಸಂಕ್ಷಿಪ್ತ ದಾವೆ ಅನ್ನುತ್ತಾರೆ. ಪ್ರೋನೋಟು, ಹುಂಡಿ, ಚೆಕ್ಕು, ಲಿಖಿತ ಕರಾರಿನ ಪ್ರಕಾರ ಬರಬೇಕಾದ ಗೊತ್ತಾದ ಮೊತ್ತ, ಜಾಮೀನು ಪತ್ರ – ಇಂಥವಕ್ಕೆ ಮಾತ್ರ. 1976ರ ತಿದ್ದುಪಡಿಯಲ್ಲಿ ಇದರ ವ್ಯಾಪ್ತಿ ಹೆಚ್ಚಿಸಿದರು. ‘ಪತ್ರ ಸ್ಪಷ್ಟವಾಗಿದೆ, ಮೊತ್ತ ಸ್ಪಷ್ಟವಾಗಿದೆ, ಇನ್ನು ವರ್ಷಗಟ್ಟಲೆ ಎಳೆಯೋದು ಯಾಕೆ?’ ಅನ್ನೋದು ಇದರ ತಿರುಳು.

ಇಲ್ಲಿ ಎರಡು ಸಲ ಹತ್ತು ದಿನದ ಗಡುವು ಬರುತ್ತದೆ. ಸಮನ್ಸು ಕೈಗೆ ಸಿಕ್ಕ ಹತ್ತು ದಿನದೊಳಗೆ ಸ್ವತಃ ಅಥವಾ ವಕೀಲರ ಮೂಲಕ ಹಾಜರಾತಿ ಹಾಕಿ ವಿಳಾಸ ಕೊಡಬೇಕು. ಇದು ಮೊದಲನೆಯದು. ಹಾಕದಿದ್ದರೆ ವಾದಿ ಬರೆದದ್ದೆಲ್ಲ ಒಪ್ಪಿದಂತೆ, ಡಿಕ್ರಿ. ಹಾಜರಾದರೆ ವಾದಿ ಮತ್ತೊಂದು ಸಮನ್ಸು ಕಳಿಸುತ್ತಾನೆ. ಅದು ಸಿಕ್ಕ ಹತ್ತು ದಿನದೊಳಗೆ ‘ನನಗೆ ವಾದ ಮಾಡಲು ಅನುಮತಿ ಕೊಡಿ’ ಎಂದು ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬೇಕು. ಅಂದರೆ ಇಲ್ಲಿ ಎದುರು ಮಾತಾಡಲಿಕ್ಕೇ ಮೊದಲು ಅಪ್ಪಣೆ ಬೇಕು.

ಅಪ್ಪಣೆ ಸಿಗದೇ ಇರುವಷ್ಟು ಕಠಿಣವೂ ಅಲ್ಲ. ಹೇಳಿಕೊಳ್ಳುವಂಥ ಪ್ರತಿವಾದವೇ ಇಲ್ಲ, ಅಥವಾ ಇರುವುದು ಬರೀ ಹುರುಳಿಲ್ಲದ ತಂಟೆ ಅಂತ ಕಂಡರೆ ಮಾತ್ರ ಕೋರ್ಟು ಬೇಡ ಅನ್ನಬೇಕು. ಸಾಲದಲ್ಲಿ ಒಂದಷ್ಟು ಒಪ್ಪಿಕೊಂಡರೆ ಅಷ್ಟನ್ನು ಕೋರ್ಟಿಗೆ ಕಟ್ಟಬೇಕು. ತಡವಾದದ್ದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ತಡವನ್ನೂ ಮನ್ನಿಸಬಹುದು. ಭಾವಮೈದ ಆ ಹತ್ತು ದಿನದೊಳಗೆ ಹೋಗಿ ‘30,000 ಕೊಡಬೇಕು, ಇಗೋ ಕಟ್ಟುತ್ತೇನೆ, ಉಳಿದದ್ದು ಖಾಲಿ ನೋಟಿನಲ್ಲಿ ತುಂಬಿದ್ದು, ಲೆಕ್ಕ ತರಿಸಿ’ ಅಂದಿದ್ದರೆ ಅವನ ಮಾತನ್ನು ಕೇಳುತ್ತಿದ್ದರು ಅನ್ನುತ್ತಾರೆ ಶಿರಸ್ತೇದಾರರು.

ಇನ್ನೊಂದು ಮಾತನ್ನೂ ಹೇಳಿದರು. ಅದನ್ನು ಕೇಳಿ ನನ್ನ ಹೊಟ್ಟೆ ಉರಿಯಿತು. 12ನೇ ಆರ್ಡರಿನ 6ನೇ ನಿಯಮ ಅಂತ ಒಂದಿದೆ. ಪ್ರತಿವಾದಿ ತಾನೇ ಒಪ್ಪಿಕೊಂಡ ಮಟ್ಟಿಗೆ, ಉಳಿದ ವಿಚಾರಣೆಗೆ ಕಾಯದೆ ಕೋರ್ಟು ತೀರ್ಪು ಕೊಡಬಹುದು. ಇದು ಮಾಮೂಲಿ ದಾವೆಗೂ ಉಂಟು. ನನ್ನ ಶುಂಠಿ ವ್ಯಾಪಾರಿ ತಕರಾರಿನಲ್ಲಿ ಏನು ಬರೆದಿದ್ದರು? ‘30 ಮೂಟೆ ಕೊಳೆತಿತ್ತು, ದರ ಮೂಟೆಗೆ 1,000 ಮಾತ್ರ, ಬಾಕಿ 60,000’ ಅಂತ. ಅಂದರೆ 60,000 ಅವರೇ ಒಪ್ಪಿದ್ದು! ಅಷ್ಟಕ್ಕೆ ತೀರ್ಪು ಕೊಡಿ ಎಂದು ಮೊದಲ ವರ್ಷವೇ ಅರ್ಜಿ ಹಾಕಬಹುದಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೊಡ್ಡ ವ್ಯವಹಾರಕ್ಕೆ ಬೇರೆ ದಾರಿ

2015ರಲ್ಲಿ ಕೇಂದ್ರ ಸರ್ಕಾರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ತಂದಿತು. ಅದರೊಂದಿಗೆ 13-ಎ ಅನ್ನುವ ಹೊಸ ಆರ್ಡರು ಬಂತು. ಸಮನ್ಸು ಜಾರಿಯಾದ ಮೇಲೆ, ವಿವಾದದ ಅಂಶ ಬರೆಯುವ ಮೊದಲು, ಎರಡು ಪಕ್ಷದಲ್ಲಿ ಯಾರು ಬೇಕಾದರೂ ‘ಎದುರಿನವರ ವಾದ ಗೆಲ್ಲುವ ನಿಜವಾದ ಸಾಧ್ಯತೆಯೇ ಇಲ್ಲ, ಸಾಕ್ಷಿ ವಿಚಾರಣೆ ಬೇಡ, ಈಗಲೇ ತೀರ್ಪು ಕೊಡಿ’ ಎಂದು ಕೇಳಬಹುದು. ಎದುರಿನವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಹತ್ತು ದಿನದ ಕುಣಿಕೆ ಅಲ್ಲ. ಸುಳ್ಳು ದಾವೆ ಬಿದ್ದವನೂ ಇದನ್ನು ಬಳಸಬಹುದು. 37ನೇ ಆರ್ಡರಿಗಿಂತ ಇದು ಎರಡು ಕಡೆಗೂ ಸಮ ಅಂತ ನನಗೆ ಅನ್ನಿಸಿತು.

ಆದರೆ ಇದು ವಾಣಿಜ್ಯ ವಿವಾದಕ್ಕೆ ಮಾತ್ರ. ಮೊದಲು ಒಂದು ಕೋಟಿ ರೂಪಾಯಿಯ ಮೇಲಿನ ವ್ಯವಹಾರ ಆಗಬೇಕಿತ್ತು. 2018ರಲ್ಲಿ ಅದನ್ನು ಮೂರು ಲಕ್ಷಕ್ಕೆ ಇಳಿಸಿದರು. ನನ್ನ ಶುಂಠಿ ಬಾಕಿ 1,85,000. ಚಿಕ್ಕ ಮೊತ್ತಕ್ಕೆ ಉದ್ದದ ದಾರಿ, ದೊಡ್ಡ ಮೊತ್ತಕ್ಕೆ ಗಿಡ್ಡ ದಾರಿ! ಮೂರು ಲಕ್ಷದ ಒಳಗಿನವನಿಗೇ ಅಲ್ಲವೇ ನಾಲ್ಕು ವರ್ಷ ಕಾಯಲು ಶಕ್ತಿ ಇಲ್ಲದಿರೋದು?

2020ರ ಕೃಷಿ ವ್ಯಾಪಾರ ಕಾಯಿದೆಯಲ್ಲೂ ಒಂದು ಗಿಡ್ಡ ದಾರಿ ಇತ್ತು. ವ್ಯಾಪಾರಿ ಅದೇ ದಿನ ಅಥವಾ ಮೂರು ಕೆಲಸದ ದಿನದೊಳಗೆ ಹಣ ಕೊಡಬೇಕು, ತಕರಾರು ಬಂದರೆ ಉಪವಿಭಾಗಾಧಿಕಾರಿಗಳ ಹತ್ತಿರ ಹೋಗಬೇಕು ಎಂದಿತ್ತು. ಆದರೆ ಸಿವಿಲ್ ಕೋರ್ಟಿನ ಬಾಗಿಲು ಹಾಕಿಬಿಟ್ಟಿದ್ದರು. ರೈತರು ವಿರೋಧ ಮಾಡಿದ್ದಕ್ಕೆ ಅದೂ ಒಂದು ಕಾರಣ. 2021ರಲ್ಲಿ ಆ ಕಾಯಿದೆಗಳು ರದ್ದಾದವು. ನಮಗೆ ಬೇಕಾದದ್ದು ಕೋರ್ಟಿನ ಬಾಗಿಲು ಹಾಕೋದಲ್ಲ, ಒಳಗೆ ಹೋದವರು ಬೇಗ ಹೊರಗೆ ಬರೋ ಹಾಗೆ ಮಾಡೋದು.

ಪತ್ರದ ಹಿಂದೆ ನೋಡಿದ ಕಾಲ

ಬೇಗ ಅಂದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ ಅನ್ನೋದನ್ನು ಭಾವಮೈದನ ಮನೆಯಲ್ಲಿ ಕಂಡೆ. ಇದು ಹಳೆಯ ಕತೆಯೇ ಅಂತೆ. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ಒಣಬೇಸಾಯದ ರೈತರು ದಂಗೆಯೆದ್ದು ಸಾಹುಕಾರರ ಮನೆಯ ಸಾಲಪತ್ರಗಳನ್ನು ಕಿತ್ತು ಸುಟ್ಟರು. ಕೋರ್ಟುಗಳು ಪತ್ರ ನೋಡಿ ಡಿಕ್ರಿ ಕೊಡುತ್ತಿದ್ದವು, ಪತ್ರದ ಹಿಂದಿನ ಲೆಕ್ಕ ಯಾರೂ ನೋಡುತ್ತಿರಲಿಲ್ಲ. ಅದರ ನಂತರ 1879ರಲ್ಲಿ ದಖನ್ನಿನ ರೈತರ ಪರಿಹಾರ ಕಾಯಿದೆ ಬಂತು. ರೈತನ ಮೇಲೆ ಸಾಲದ ದಾವೆ ಬಂದರೆ ಕೋರ್ಟು ಬರೀ ಪತ್ರ ನೋಡಿದರೆ ಸಾಲದು, ಮೊದಲಿಂದ ಲೆಕ್ಕ ತೆಗೆಸಿ ನೋಡಬೇಕು ಎಂದು ಅದರಲ್ಲಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲೂ 1928ರಲ್ಲಿ ವ್ಯವಸಾಯಗಾರರ ಪರಿಹಾರ ಕಾಯಿದೆ ಮಾಡಿದ್ದರು.

ಖಾಲಿ ಪ್ರೋನೋಟು ಇವತ್ತಿಗೂ ಓಡಾಡುತ್ತಿದೆ. ಸ್ಟಾಂಪು ಅಂಟಿಸಿದ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ, ಅದನ್ನು ತುಂಬಿಕೊಳ್ಳಲು ನಾವೇ ಅಧಿಕಾರ ಕೊಟ್ಟ ಹಾಗೆ ಅಂತ ಕಾನೂನು ತಿಳಿಯುತ್ತದೆ. ಹಾಗಿರುವಾಗ ಲೆಕ್ಕ ನೋಡುವುದು ಇನ್ನೂ ಅವಶ್ಯ ಅಲ್ಲವೇ?

ಏನು ಬದಲಾಗಬೇಕು

2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಅಂಗೀಕರಿಸಿತು. ಸಣ್ಣ ಮತ್ತು ಅತಿಸಣ್ಣ ರೈತರ, ಆರ್ಥಿಕವಾಗಿ ದುರ್ಬಲರಾದವರ ದಾವೆಗಳಿಗೆ ಆದ್ಯತೆ ಕೊಟ್ಟು ಆರು ತಿಂಗಳಲ್ಲಿ ಮುಗಿಸಬೇಕು ಅನ್ನೋದು ಅದರ ಉದ್ದೇಶ. ಒಳ್ಳೆಯ ಮಾತು. ದಾವೆ ಹಾಕುವವರು ತಮಗೆ ಅದು ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಲೇಬೇಕು. ಅದರ ಜತೆಗೆ ಇನ್ನೂ ನಾಲ್ಕು ಕೆಲಸ ಆಗಬೇಕು ಅಂತ ನನಗೆ ಅನ್ನಿಸುತ್ತದೆ.

ಒಂದು, 37ನೇ ಆರ್ಡರಿನ ಸಮನ್ಸಿನ ತಲೆಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ‘ಹತ್ತು ದಿನದೊಳಗೆ ಬಾರದಿದ್ದರೆ ನಿಮ್ಮ ಮೇಲೆ ಡಿಕ್ರಿ ಆಗುತ್ತದೆ’ ಎಂದು ಇರಬೇಕು. ಕೆಳಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಫೋನು ನಂಬರು ಇರಬೇಕು. ಕ್ರಿಮಿನಾಶಕದ ಡಬ್ಬಿಗೆ ಕೆಂಪು, ಹಳದಿ ಗುರುತು ಹಾಕುತ್ತಾರೆ. ಇದಕ್ಕೂ ಒಂದು ಗುರುತು ಬೇಡವೇ?

ಎರಡು, ರೈತನ ಮೇಲೆ ಪ್ರೋನೋಟಿನ ದಾವೆ ಹಾಕುವವರು ನೋಟಿನ ಜತೆ ಪೂರ್ತಿ ಲೆಕ್ಕ, ಬಿಲ್ಲುಗಳನ್ನೂ ಇಡಬೇಕು. ಇಡದಿದ್ದರೆ ಗಿಡ್ಡ ದಾರಿ ಇಲ್ಲ, ಮಾಮೂಲಿ ದಾರಿಯಲ್ಲೇ ಬರಲಿ.

ಮೂರು, ಬೆಳೆ ಮಾರಿದ ಬಾಕಿಗೆ ಮೊತ್ತ ಎಷ್ಟೇ ಚಿಕ್ಕದಿರಲಿ, 13-ಎ ತರಹದ ದಾರಿ ಸಿಗಬೇಕು. ಮಾಲು ತೆಗೆದುಕೊಂಡದ್ದು ನಿಜ, ದುಡ್ಡು ಕೊಡದಿದ್ದದ್ದು ನಿಜ ಅಂದ ಮೇಲೆ ಸಾಕ್ಷಿ ಕಟ್ಟೆ ಯಾಕೆ?

ನಾಲ್ಕು, ಪ್ರತಿವಾದಿ ಒಪ್ಪಿಕೊಂಡ ಮೊತ್ತ ಕಂಡರೆ ನಾವು ಅರ್ಜಿ ಹಾಕುವವರೆಗೆ ಕಾಯದೆ ಕೋರ್ಟೇ ಅಷ್ಟನ್ನು ಕೊಡಿಸಲಿ. 12ನೇ ಆರ್ಡರಿನಲ್ಲಿ ಅರ್ಜಿ ಇಲ್ಲದೆಯೂ ಹಾಗೆ ಮಾಡುವ ಅಧಿಕಾರ ಈಗಲೇ ಇದೆ. ಬಳಕೆ ಆಗಬೇಕು, ಅಷ್ಟೆ.

ಅಲ್ಲಿಯವರೆಗೆ ನಾವು ಮಾಡಬೇಕಾದ್ದು

* ಕೋರ್ಟಿನ ಕವರು ಬಂದ ದಿನವೇ ಒಡೆದು ತಾರೀಕು ಬರೆದಿಡಿ. ಮಾರನೇ ದಿನ ವಕೀಲರಿಗೆ ತೋರಿಸಿ. ‘37’ ಅಂತ ಕಂಡರೆ ಕೊಯ್ಲು ನಿಲ್ಲಿಸಿಯಾದರೂ ಹೋಗಿ.

* ಹೆಂಗಸರಿಗೆ, ಪರಿಶಿಷ್ಟರಿಗೆ, ಆದಾಯ ಮಿತಿಯೊಳಗಿನ ಎಲ್ಲರಿಗೂ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ವಿಚಾರಿಸಿ.

* ಖಾಲಿ ಪ್ರೋನೋಟು, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಹಾಕಲೇಬೇಕಾದರೆ ಮೊತ್ತ, ತಾರೀಕು ನಿಮ್ಮ ಕೈಯಲ್ಲೇ ತುಂಬಿ, ಒಂದು ಫೋಟೋ ತೆಗೆದಿಡಿ.

* ತೀರಿಸಿದ ಪ್ರತಿ ಕಂತಿಗೂ ರಸೀದಿ ಪಡೆಯಿರಿ. ಬ್ಯಾಂಕ್ ಮೂಲಕ ಕೊಟ್ಟರೆ ಇನ್ನೂ ಒಳ್ಳೆಯದು.

* ಬಡ್ಡಿ ವ್ಯವಹಾರ ಮಾಡುವವರು ದಾವೆ ಹಾಕಿದರೆ ಅವರಿಗೆ ಲೇವಾದೇವಿ ಲೈಸೆನ್ಸು ಇದೆಯೇ ನೋಡಿ. ಸಾಲ ಕೊಟ್ಟಾಗ ಲೈಸೆನ್ಸು ಇರಲಿಲ್ಲವಾದರೆ 1961ರ ರಾಜ್ಯದ ಕಾಯಿದೆ ಪ್ರಕಾರ ಅವರಿಗೆ ಡಿಕ್ರಿ ಕೊಡುವಂತಿಲ್ಲ.

* ಜಪ್ತಿ ಬಂದರೂ ರೈತನ ಬೇಸಾಯದ ಉಪಕರಣ, ಬದುಕಿಗೆ ಬೇಕಾದ ದನ, ಬಿತ್ತನೆ ಬೀಜ ಮುಟ್ಟುವಂತಿಲ್ಲ.

* ಬೆಳೆ ಮಾರುವಾಗ ಹೀಗೆ ಬರೆಸಿಕೊಳ್ಳಿ: ‘ಇಂಥ ತಾರೀಕು ಇಂಥವರಿಂದ ಇಷ್ಟು ಮೂಟೆ, ಇಷ್ಟು ತೂಕ, ಇಷ್ಟು ದರದಲ್ಲಿ ಕೊಂಡಿದ್ದೇನೆ. ಇಷ್ಟು ಕೊಟ್ಟಿದ್ದೇನೆ. ಬಾಕಿ ಇಷ್ಟನ್ನು ಇಂಥ ತಾರೀಕಿನೊಳಗೆ ಕೊಡುತ್ತೇನೆ.’ ಕೆಳಗೆ ಸಹಿ, ಪೂರ್ತಿ ವಿಳಾಸ. ಸಹಿ ಮಾಡಿದ ಇಂಥ ಬರಹ ಇದ್ದರೆ ಗಿಡ್ಡ ದಾರಿಯಲ್ಲಿ ಹೋಗಬಹುದೇ ಎಂದು ವಕೀಲರು ನೋಡಿ ಹೇಳುತ್ತಾರೆ.

* ಮೂರು ವರ್ಷದ ಗಡುವು ಮುಗಿಯುವ ಮೊದಲು ಬಾಕಿ ಒಪ್ಪಿ ಸಹಿ ಮಾಡಿದ ಕಾಗದ ಸಿಕ್ಕರೆ ಅಲ್ಲಿಂದ ಹೊಸದಾಗಿ ಲೆಕ್ಕ ಶುರುವಾಗುತ್ತದೆ.

ಈಗ ನಾನು ಕಾರ್ಬನ್ ಇಟ್ಟು ಬರೆಯುವ ಒಂದು ಪುಸ್ತಕ ತಂದಿಟ್ಟಿದ್ದೇನೆ. ಕಳೆದ ಸಲ ಜೋಳ ಕೊಳ್ಳಲು ಬಂದವರು ‘ಏನ್ ಗೌಡ್ರೇ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಅಂತ ನಕ್ಕರು. ‘ನಿಮ್ಮ ಮೇಲಿದೆ, ನನ್ನ ನೆನಪಿನ ಮೇಲಿಲ್ಲ’ ಅಂದೆ. ಸಹಿ ಹಾಕಿದರು. ದುಡ್ಡೂ ಹೇಳಿದ ದಿನಕ್ಕೆ ಬಂತು. ಅಂಥದ್ದೇ ಇನ್ನೊಂದು ಪುಸ್ತಕ ಭಾವಮೈದನಿಗೂ ಕೊಟ್ಟು ಬಂದಿದ್ದೇನೆ.